27ಕ್ಕೆ 27: ಕೊಡಗಿನ ಒಂದು ಕಾಲೇಜಿನ ಅಣಕು ವಿಧಾನಸಭೆ

ದಕ್ಷಿಣ ಕೊಡಗಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ 2023ರ ಜೂನ್‌ನಿಂದ ನವೆಂಬರ್‌ವರೆಗೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು, ಊರು, ಮಕ್ಕಳ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಕ್ಕಬಾರದೆಂದು ಕೆಲವು ಮನೆಗಳ ವಿವರವನ್ನೂ ಬದಲಿಸಿದ್ದೇನೆ. ಲೆಕ್ಕಗಳು ಮಾತ್ರ ಇದ್ದ ಹಾಗೇ ಇವೆ. ನಾನು ಅಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಅಣಕು ವಿಧಾನಸಭೆ ಮಾಡಿಸುವ ಬೇರೆ ಉಪನ್ಯಾಸಕರಿಗೆ, ಮೇಷ್ಟ್ರುಗಳಿಗೆ ಇದು ಉಪಯೋಗಕ್ಕೆ ಬರಬೇಕು ಎನ್ನುವುದು ನನ್ನ ಆಸೆ. ನಾನು ಮಾಡಿದ ಒಂದು ತಪ್ಪು ಇದರ ನಡುವೆ ಇದೆ. ಅದನ್ನು ಬಿಟ್ಟು ಬರೆದರೆ ಈ ಪ್ರಕರಣದಲ್ಲಿ ಕಲಿಯುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಹಿನ್ನೆಲೆ

ಆ ವರ್ಷ ಮೇ ತಿಂಗಳಲ್ಲಿ ಚುನಾವಣೆ ಮುಗಿದಿತ್ತು. ಕೊಡಗಿನ ಪಾಲಿಗೆ ಅದು ಸಣ್ಣ ಚುನಾವಣೆಯಾಗಿರಲಿಲ್ಲ. ನಮ್ಮ ಜಿಲ್ಲೆಗೆ ಈಗ ಇರುವುದು ಮಡಿಕೇರಿ ಮತ್ತು ವಿರಾಜಪೇಟೆ ಎರಡೇ ಕ್ಷೇತ್ರ. ಮೊದಲು ಸೋಮವಾರಪೇಟೆಯೂ ಸೇರಿ ಮೂರಿದ್ದವು, 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಒಂದು ಹೋಯಿತು. ಅಂದಿನಿಂದ ಮೂರು ಚುನಾವಣೆಗಳಲ್ಲಿ ಎರಡೂ ಸ್ಥಾನ ಬಿಜೆಪಿಯದ್ದೇ. 2023ರಲ್ಲಿ ಎರಡೂ ಕಾಂಗ್ರೆಸ್‌ಗೆ ಹೋದವು: ಮಡಿಕೇರಿಯಲ್ಲಿ ಮಂತರ್ ಗೌಡ, ವಿರಾಜಪೇಟೆಯಲ್ಲಿ ಎ.ಎಸ್. ಪೊನ್ನಣ್ಣ. ಜೂನ್‌ನಲ್ಲಿ ಕಾಲೇಜು ಶುರುವಾದಾಗ ಮಕ್ಕಳ ಮನೆಗಳಲ್ಲಿ ಆ ಬಿಸಿ ಇನ್ನೂ ಆರಿರಲಿಲ್ಲ. ಕೆಲವರ ಮನೆಯಲ್ಲಿ ಅಣ್ಣ ತಮ್ಮಂದಿರ ಮಾತೇ ನಿಂತಿತ್ತು.

ಮೊದಲ ವಾರ ತರಗತಿಯ ಹಿಂದಿನ ಗೋಡೆಗೆ ಒಂದು ದೊಡ್ಡ ಡ್ರಾಯಿಂಗ್ ಶೀಟ್ ಅಂಟಿಸಿ ಹದಿನಾರನೇ ವಿಧಾನಸಭೆಯ ಬಲಾಬಲ ಬರೆಸಿದೆ. ಒಟ್ಟು 224. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಪಕ್ಷೇತರರು 2, ಕಲ್ಯಾಣ ರಾಜ್ಯ ಪ್ರಗತಿ ಪಕ್ಷ 1, ಸರ್ವೋದಯ ಕರ್ನಾಟಕ ಪಕ್ಷ 1. ಬಹುಮತಕ್ಕೆ 113. ಮೇಲೆ ಐದು ಚೌಕ: ಮುಖ್ಯಮಂತ್ರಿ ಸಿದ್ದರಾಮಯ್ಯ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್, ಸಭಾಧ್ಯಕ್ಷ ಯು.ಟಿ. ಖಾದರ್, ಉಪಸಭಾಧ್ಯಕ್ಷ, ವಿರೋಧ ಪಕ್ಷದ ನಾಯಕ. ಕೊನೆಯ ಎರಡು ಚೌಕ ಆಗ ಖಾಲಿ. ಉಪಸಭಾಧ್ಯಕ್ಷರಾಗಿ ರುದ್ರಪ್ಪ ಲಮಾಣಿ ಜುಲೈ ಮೊದಲ ವಾರ ಆಯ್ಕೆಯಾದರು, ಆ ಚೌಕ ತುಂಬಿತು. ವಿರೋಧ ಪಕ್ಷದ ನಾಯಕನ ಚೌಕ ಮಾತ್ರ ಹಾಗೇ ಇತ್ತು. ಜುಲೈ ಅಧಿವೇಶನವಿಡೀ ಮುಖ್ಯ ವಿರೋಧ ಪಕ್ಷ ತನ್ನ ನಾಯಕನ ಹೆಸರನ್ನು ಹೇಳಿರಲಿಲ್ಲ.

ಈ ಹಾಳೆಯಲ್ಲಿ ಎಷ್ಟು ಕಾಣುತ್ತದೆ, ಎಷ್ಟು ಕಾಣುವುದಿಲ್ಲ ಎಂದು ಮೊದಲು ತೋರಿಸಿಕೊಟ್ಟವಳು ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಒಬ್ಬ ಹುಡುಗಿ. "ಸರ್, ನಮ್ಮ ಜಿಲ್ಲಾ ಉಸ್ತುವಾರಿ ಸಚಿವರು ಈ 224ರಲ್ಲಿ ಎಲ್ಲಿದ್ದಾರೆ?" ಎಂದು ಕೇಳಿದಳು. ಅವರು ಅದರಲ್ಲಿ ಇರಲಿಲ್ಲ. ಎನ್.ಎಸ್. ಬೋಸರಾಜು ಅವರು ಮೇ 27ರಂದು ಪ್ರಮಾಣವಚನ ಸ್ವೀಕರಿಸಿದಾಗ ಎರಡೂ ಸದನಗಳ ಸದಸ್ಯರಲ್ಲ. ಸಂವಿಧಾನದ 164ನೇ ವಿಧಿ ಅದಕ್ಕೆ ಆರು ತಿಂಗಳ ಅವಕಾಶ ಕೊಡುತ್ತದೆ. ಜೂನ್‌ನಲ್ಲಿ ಅವರು ವಿಧಾನ ಪರಿಷತ್ತಿಗೆ ಆಯ್ಕೆಯಾದರು. ಹಾಗಾಗಿ ಶೀಟಿನ ಕೆಳಗೆ ಪರಿಷತ್ತಿಗೆಂದು ಇನ್ನೊಂದು ಪಟ್ಟಿ ಅಂಟಿಸಬೇಕಾಯಿತು. ಒಟ್ಟು 75: ಶಾಸಕರಿಂದ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮನಿರ್ದೇಶಿತರು 11.

ಸಮಸ್ಯೆ

ಕಲಾ ಮತ್ತು ವಾಣಿಜ್ಯ ಎರಡೂ ವಿಭಾಗ ಸೇರಿಸಿದರೆ ನಮ್ಮಲ್ಲಿ 56 ಮಕ್ಕಳು. 224ರ ಸರಿಯಾಗಿ ಕಾಲು ಭಾಗ. ಇಷ್ಟು ಒಳ್ಳೆಯ ಲೆಕ್ಕ ಮತ್ತೆ ಸಿಕ್ಕುವುದಿಲ್ಲ ಎಂದು ಸದನವನ್ನು ನಾಲ್ಕರಿಂದ ಭಾಗಿಸಿದೆ. 135ಕ್ಕೆ 34, 66ಕ್ಕೆ 16, 19ಕ್ಕೆ 5, ಉಳಿದ ನಾಲ್ವರಿಗೆ ಒಬ್ಬ. ಬಹುಮತಕ್ಕೆ 29. ಸಚಿವ ಸಂಪುಟ ಸದನದ ಬಲದ ಶೇ 15ರ ಮಿತಿಯಲ್ಲಿರಬೇಕೆಂದು 2003ರ 91ನೇ ತಿದ್ದುಪಡಿ ಹೇಳುತ್ತದಲ್ಲ, ಆ ಪ್ರಕಾರ ನಮ್ಮ ಸಂಪುಟ ಮುಖ್ಯಮಂತ್ರಿಯೂ ಸೇರಿ 8. ಬೆಂಗಳೂರಿನಲ್ಲಿ 34.

ಚೀಟಿ ಎತ್ತಿಸಿ ಪಕ್ಷ ಹಂಚಿದೆ. ಮೊದಲ ತೊಡಕು ಅಲ್ಲೇ ಬಂತು. ನಿಜವಾದ ಪಕ್ಷಗಳ ಹೆಸರನ್ನೇ ಚೀಟಿಯಲ್ಲಿ ಬರೆದಿದ್ದೆ. ಮರುದಿನ ಒಬ್ಬ ಹುಡುಗನ ತಂದೆ ಬಂದರು. ಅವರು ಒಂದು ಪಕ್ಷದ ಸ್ಥಳೀಯ ಪದಾಧಿಕಾರಿ, ಮಗನಿಗೆ ಬಂದದ್ದು ಇನ್ನೊಂದು ಪಕ್ಷದ ಚೀಟಿ. ಕೋಪದಿಂದೇನೂ ಮಾತಾಡಲಿಲ್ಲ. "ಸರ್, ಅವನು ಆ ಪಕ್ಷದ ಪರ ಮಾತಾಡಿದ್ದನ್ನು ಯಾರಾದರೂ ಮೊಬೈಲಲ್ಲಿ ಹಿಡಿದು ಹಾಕಿದರೆ ನಾನು ಊರಲ್ಲಿ ಏನು ಉತ್ತರ ಕೊಡಲಿ?" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಪ್ರಾಂಶುಪಾಲರು, ಕನ್ನಡ ಉಪನ್ಯಾಸಕಿ ಮೇಡಂ, ನಾನು ಕೂತು ಮಾತಾಡಿ ಹೆಸರು ಬದಲಿಸಿದೆವು. ಕಾಫಿ ತೋಟದ ನೆರಳಿನ ಮರಗಳ ಹೆಸರಿಟ್ಟೆವು: 34ರದ್ದು ಬೀಟೆ, 16ರದ್ದು ಮತ್ತಿ, 5ರದ್ದು ಹಲಸು. ಆ ಒಬ್ಬ ಪಕ್ಷೇತರ ತನಗೂ ಮರ ಬೇಕೆಂದು ಹಟ ಹಿಡಿದು ಹೊನ್ನೆ ಎಂದಿಟ್ಟುಕೊಂಡ.

ನಮ್ಮ ಮೊದಲ ಅಧಿವೇಶನ ಜುಲೈನಲ್ಲಿ ನಡೆಯಿತು. ನನಗೆ ತೀರಾ ಬೇಸರವಾಯಿತು. ಕಾರಣ ಮಕ್ಕಳಲ್ಲ, ಲೆಕ್ಕ. "ಹೌದು ಎನ್ನುವವರು ಹೌದು ಎನ್ನಿ" ಎಂದು ಸಭಾಧ್ಯಕ್ಷ ಹೇಳುವಷ್ಟರಲ್ಲಿ ಬೀಟೆಯವರು ಬೆಂಚು ತಟ್ಟುತ್ತಿದ್ದರು. ನಾಲ್ಕು ಮಸೂದೆ ಧ್ವನಿಮತದಲ್ಲಿ ಮುಕ್ಕಾಲು ಗಂಟೆಯೊಳಗೆ ಪಾಸಾದವು. ಮತ್ತಿಯವರಿಗೆ ಸೋಲುವುದು ಗೊತ್ತೇ ಇದ್ದುದರಿಂದ ಅವರು ಎರಡನೇ ಮಸೂದೆಗೆಲ್ಲ ಸದನದ ಬಾವಿಗಿಳಿದು ಕೂತರು. ಅದೇ ತಿಂಗಳು ಬೆಂಗಳೂರಿನಲ್ಲಿ ಉಪಸಭಾಧ್ಯಕ್ಷರ ಪೀಠದ ಕಡೆ ಕಾಗದ ಹರಿದೆಸೆದರೆಂದು ಹತ್ತು ಶಾಸಕರ ಅಮಾನತಾಗಿತ್ತು. ನಮ್ಮ ಮಕ್ಕಳು ಟಿವಿಯಲ್ಲಿ ನೋಡಿದ್ದನ್ನೇ ಮಾಡಿದರು.

ನನ್ನನ್ನು ಹೆಚ್ಚು ಕಾಡಿದವರು ಗಲಾಟೆ ಮಾಡಿದವರಲ್ಲ. ಬೀಟೆಯ 34ರಲ್ಲಿ ಒಬ್ಬ ಸಭಾಧ್ಯಕ್ಷ, ಎಂಟು ಜನ ಸಂಪುಟ. ಉಳಿದ 25 ಮಕ್ಕಳಿಗೆ ಕೈ ಎತ್ತುವುದು ಬಿಟ್ಟು ಕೆಲಸವೇ ಇರಲಿಲ್ಲ. ಅವರಲ್ಲಿ ಮೂವರು ಬೆಂಚಿನ ಕೆಳಗೆ ಇಟ್ಟುಕೊಂಡು ಅಕೌಂಟೆನ್ಸಿ ಲೆಕ್ಕ ಮಾಡುತ್ತಿದ್ದರು. ಗೋಡೆಯ ಮೇಲಿನ 135 ಎಂಬ ಅಂಕಿಯ ಒಳಗೆ ಇಂಥದ್ದೊಂದು ಮೌನ ಇರುತ್ತದೆ ಎಂದು ಪಾಠ ಮಾಡಿದ ಹದಿನೆಂಟು ವರ್ಷದಲ್ಲಿ ನಾನು ಯೋಚಿಸಿರಲಿಲ್ಲ.

ಎರಡನೇ ಪ್ರಯತ್ನ

ದೊಡ್ಡ ಬಹುಮತದ ಸದನ ಕಲಿಸದ್ದನ್ನು ಅತಂತ್ರ ಸದನ ಕಲಿಸಬಹುದು ಅನ್ನಿಸಿತು. 2018ರ ಅಂಕಿ ತೆಗೆದೆ. ಎಲ್ಲ ಕ್ಷೇತ್ರಗಳ ಮತದಾನ ಮುಗಿದ ಮೇಲೆ ಬಿಜೆಪಿ 104, ಕಾಂಗ್ರೆಸ್ 80, ಜೆಡಿಎಸ್ 37, ಇತರರು 3. ನಾಲ್ಕರಿಂದ ಭಾಗಿಸಿದರೆ 26, 20, 9, 1. ಒಟ್ಟು ಮತ್ತೆ 56! ಯಾರಿಗೂ 29 ಇಲ್ಲ. ಆದರೆ 20 ಮತ್ತು 9 ಕೂಡಿದರೆ ಸರಿಯಾಗಿ 29. ಬೀಟೆ, ಮತ್ತಿ, ಹಲಸು ಹೆಸರುಗಳನ್ನು ಅದೇ ಕ್ರಮದಲ್ಲಿ ಉಳಿಸಿಕೊಂಡು ಹೊಸದಾಗಿ ಚೀಟಿ ಎತ್ತಿಸಿದೆ.

ಕನ್ನಡ ಮೇಡಂ ರಾಜ್ಯಪಾಲರಾದರು. ಮೊದಲು ಯಾರನ್ನು ಕರೆಯಬೇಕು? ಅತಿ ದೊಡ್ಡ ಪಕ್ಷವನ್ನೇ, ಸಹಿ ಹಾಕಿದ ಪತ್ರ ತಂದವರನ್ನೇ? 2018ರ ಮೇನಲ್ಲಿ ರಾಜ್ಯಪಾಲ ವಜುಭಾಯಿ ವಾಲಾ ಅವರು ಅತಿ ದೊಡ್ಡ ಪಕ್ಷದ ಬಿ.ಎಸ್. ಯಡಿಯೂರಪ್ಪ ಅವರನ್ನು ಕರೆದು ಬಹುಮತ ತೋರಿಸಲು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಅದನ್ನು ಮೇ 19ರ ಸಂಜೆ 4ಕ್ಕೆ ಇಳಿಸಿತು. ವಿರಾಜಪೇಟೆಯ ಶಾಸಕ ಕೆ.ಜಿ. ಬೋಪಯ್ಯ ಹಂಗಾಮಿ ಸಭಾಧ್ಯಕ್ಷರಾಗಿ ಪೀಠದಲ್ಲಿದ್ದರು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಘೋಷಿಸಿದರು. ಇದನ್ನೆಲ್ಲ ಮಕ್ಕಳಿಗೆ ಮೊದಲೇ ಹೇಳಬೇಡಿ ಎಂದು ಮೇಡಂ ತಡೆದರು. "ಅವರು ತಾವಾಗಿ ಏನು ಮಾಡುತ್ತಾರೆ ನೋಡೋಣ" ಎಂದರು. ಇಡೀ ಪ್ರಕರಣದಲ್ಲಿ ನಾವು ತೆಗೆದುಕೊಂಡ ಒಳ್ಳೆಯ ತೀರ್ಮಾನಗಳಲ್ಲಿ ಅದೊಂದು.

ಎರಡು ದಿನ ಕಾಲೇಜಿನ ಜಗಲಿಯ ತುಂಬ ಮಾತುಕತೆ. ಒಂಬತ್ತು ಜನರ ಹಲಸು ಮುಖ್ಯಮಂತ್ರಿ ಸ್ಥಾನವೇ ಬೇಕೆಂದು ಕೂತಿತು. ಇಪ್ಪತ್ತು ಜನರ ಮತ್ತಿ ಕೊಟ್ಟಿತು. 80 ಸ್ಥಾನದ ಪಕ್ಷ 37 ಸ್ಥಾನದ ಪಕ್ಷದ ಎಚ್.ಡಿ. ಕುಮಾರಸ್ವಾಮಿ ಅವರಿಗೆ ಮುಖ್ಯಮಂತ್ರಿ ಪದವಿ ಬಿಟ್ಟುಕೊಟ್ಟದ್ದು ಹೀಗೇ ಎಂದು ಆಮೇಲೆ ಹೇಳಿದಾಗ ಮಕ್ಕಳು ನಂಬಲಾಗದೆ ನೋಡಿದರು. 29 ಸಹಿಯ ಪತ್ರ ರಾಜ್ಯಪಾಲರ ಕೈ ಸೇರಿತು. ಒಂದು ಸಹಿ ಪೆನ್ಸಿಲ್‌ನಲ್ಲಿತ್ತು. ಮೇಡಂ ಆ ಹುಡುಗನನ್ನು ಕರೆಸಿ ಪೆನ್ನಿನಲ್ಲಿ ಹಾಕಿಸಿದ ಮೇಲೆಯೇ ಸರ್ಕಾರ ರಚನೆಗೆ ಕರೆದರು.

ಸಭಾಧ್ಯಕ್ಷೆಯಾಗಿ ಮತ್ತಿಯ ಒಬ್ಬ ಹುಡುಗಿ ಅವಿರೋಧವಾಗಿ ಆಯ್ಕೆಯಾದಳು. ಕಡಿಮೆ ಮಾತಿನವಳು, ಓದಿಕೊಂಡು ಬರುವವಳು. ಅವಳು ಪೀಠಕ್ಕೆ ಹೋದ ಕೂಡಲೇ ಏನಾಯಿತು ಎನ್ನುವುದು ಯಾರಿಗೂ ಮೊದಲು ಹೊಳೆಯಲಿಲ್ಲ. 189ನೇ ವಿಧಿಯ ಪ್ರಕಾರ ಪೀಠದಲ್ಲಿರುವವರು ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ. ಅಂದರೆ ಸರ್ಕಾರದ 29 ಮತ 28 ಆಯಿತು. ಎದುರಿಗೆ ಬೀಟೆ 26, ಹೊನ್ನೆಯವನು ಹೋದರೆ 27. ಸರ್ಕಾರ ಒಂದೇ ಮತದ ಮೇಲೆ ನಿಂತಿತ್ತು. ಇದನ್ನು ಬೀಟೆಯ ನಾಯಕ, ಆ ಪದಾಧಿಕಾರಿಯ ಮಗ, ಎಲ್ಲರಿಗಿಂತ ಮೊದಲು ಲೆಕ್ಕ ಹಾಕಿದ. ಮರುದಿನದಿಂದ ಹೊನ್ನೆಯ ಹುಡುಗನಿಗೆ ಕ್ಯಾಂಟೀನಿನಲ್ಲಿ ದುಡ್ಡು ಕೊಡುವ ಪ್ರಮೇಯವೇ ಬರಲಿಲ್ಲ. ಹಾಗೆ ಮಾಡಬಾರದೆಂದು ನಾನು ತಿಳಿಹೇಳಬೇಕಾಯಿತು.

ಮಳೆಯ ದಿನ

ವಿಶ್ವಾಸಮತಕ್ಕೆ ದಿನ ಗೊತ್ತಾದದ್ದು ಮಳೆ ರಜೆಗಳೆಲ್ಲ ಮುಗಿದ ಆಗಸ್ಟ್ ಮೊದಲ ವಾರದಲ್ಲಿ. ಅಂದು ಬೆಳಿಗ್ಗೆ ಒಂದು ಕಡೆಯ ರಸ್ತೆಗೆ ಮರ ಬಿದ್ದು ಬಸ್ ಬರಲಿಲ್ಲ. ಹಲಸಿನ ಒಬ್ಬಳು ಹುಡುಗಿ ಆ ದಾರಿಯವಳು. ಹಾಜರಿ 55.

ಮುಖ್ಯಮಂತ್ರಿ ಎದ್ದು ನಿಂತು ಮತವನ್ನು ಮುಂದೂಡಬೇಕೆಂದು ಕೇಳಿದ. ನಮ್ಮ ಸದಸ್ಯೆ ಬೇಕೆಂದು ತಪ್ಪಿಸಿಕೊಂಡವರಲ್ಲ, ಮರ ಬಿದ್ದಿದೆ, ಇದು ನ್ಯಾಯವೇ ಎಂದ. ವಿರೋಧ ಪಕ್ಷ ಇಂದೇ ಆಗಬೇಕು ಎಂದು ಕೂಗಿತು. ಸಭಾಧ್ಯಕ್ಷೆ ಮೂರು ನಿಮಿಷ ತನ್ನ ಮುಂದಿನ ಪುಸ್ತಕ ತಿರುವಿದಳು. ಹತ್ತು ಮಂದಿ ಅಥವಾ ಹತ್ತನೇ ಒಂದು ಭಾಗ, ಯಾವುದು ಹೆಚ್ಚೋ ಅಷ್ಟು ಇದ್ದರೆ ಕೋರಂ ಇದೆ. ಕಾರ್ಯಸೂಚಿಯಲ್ಲಿ ಇಂದಿನ ದಿನಾಂಕವಿದೆ. ಮರ ಬಿದ್ದದ್ದು ಸದನದ ಕಾರಣವಲ್ಲ. "ಮತಕ್ಕೆ ಹಾಕುತ್ತೇನೆ" ಎಂದಳು. ತನ್ನದೇ ಮೈತ್ರಿಯ ಮುಖ್ಯಮಂತ್ರಿಗೆ ವಿರುದ್ಧವಾದ ರೂಲಿಂಗ್ ಅದು. ಹಲಸಿನವರು ಅವಳನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಮುಂದಿದೆ.

ಮತವಿಭಜನೆಯಾಯಿತು. ಒಬ್ಬೊಬ್ಬರೇ ಎದ್ದು ನಿಂತು ಎಣಿಸಲಾಯಿತು. ಸರ್ಕಾರದ ಪರ 27. ವಿರುದ್ಧ 26, ಆಮೇಲೆ ಹಿಂದಿನ ಬೆಂಚಿನಿಂದ ಹೊನ್ನೆಯವನು ಎದ್ದ, 27.

ಹಾಲ್‌ನಲ್ಲಿ ಮಳೆಯ ಸದ್ದು ಬಿಟ್ಟು ಏನೂ ಇರಲಿಲ್ಲ. ಸಮ ಮತ ಬಂದರೆ ಪೀಠದಲ್ಲಿರುವವರು ನಿರ್ಣಾಯಕ ಮತ ಹಾಕಲೇಬೇಕು. ಬೇಕಾದರೆ ಹಾಕಬಹುದು ಎಂದಲ್ಲ, ಹಾಕತಕ್ಕದ್ದು ಎಂದೇ ಇದೆ. ಅವಳು ತಲೆ ಎತ್ತಿ, ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ.

ನನ್ನ ಮನಸ್ಸಿನಲ್ಲಿ ಇದ್ದದ್ದು "ಧೈರ್ಯವಾಗಿ ಹೇಳು" ಎಂಬುದಷ್ಟೇ. ಆದರೆ ಅದನ್ನು ನೋಡಿದ 54 ಮಕ್ಕಳಿಗೆ ಅದು "ಸರ್ಕಾರ ಉಳಿಸು" ಎಂದಾಯಿತು. ಅವಳು ಸರ್ಕಾರದ ಪರ ಮತ ಹಾಕಿದಳು. ಬೀಟೆಯವರು ಬಾವಿಗಿಳಿಯಲಿಲ್ಲ. ಸುಮ್ಮನೆ ಎದ್ದು ಸಾಲಾಗಿ ಹೊರಗೆ ಹೋದರು. ಆ ಸಾಲು ನನ್ನ ಪಕ್ಕದಲ್ಲೇ ಹಾದುಹೋಯಿತು, ಒಬ್ಬರೂ ನನ್ನ ಮುಖ ನೋಡಲಿಲ್ಲ. ಮರುದಿನ ಕಪ್ಪುಹಲಗೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: "ಸ್ಪೀಕರ್ = ಸರ್".

ಕಡತದಲ್ಲಿ ಉಳಿದ ಸಾಲು

ಕಲಾಪ ಬರೆದುಕೊಳ್ಳಲು ನೇಮಿಸಿದ್ದ ಇಬ್ಬರು ಕಾರ್ಯದರ್ಶಿಗಳ ನೋಟ್‌ಬುಕ್ ಸಂಜೆ ತರಿಸಿ ನೋಡಿದೆ. ಅದರಲ್ಲಿ ಹೀಗಿತ್ತು: "11.42. ಮತ ಸಮ. ಮಾನ್ಯ ಸಭಾಧ್ಯಕ್ಷರು ಉಪನ್ಯಾಸಕರ ಕಡೆ ನೋಡಿದರು. ಉಪನ್ಯಾಸಕರು ತಲೆ ಆಡಿಸಿದರು. ಸಭಾಧ್ಯಕ್ಷರು ನಿರ್ಣಯದ ಪರ ಮತ ನೀಡಿದರು."

ಕಾರ್ಯದರ್ಶಿಗಳಾಗಿದ್ದ ಮಕ್ಕಳಿಗೆ ನಡುವಿನ ಎರಡು ಸಾಲು ಬೇಡ, ತೆಗೆಯಿರಿ ಎಂದೆ. ಮೇಡಂ ಅಲ್ಲೇ ಇದ್ದರು. "ಸರ್, ಕಡತದಿಂದ ತೆಗೆಸುವ ಅಧಿಕಾರ ಸ್ಪೀಕರ್‌ಗೆ ಇರೋದು. ನಿಮಗಲ್ಲ." ನಾನು ಪುಸ್ತಕ ಹಿಂದಕ್ಕೆ ಕೊಟ್ಟೆ. ಮರುದಿನ ಅವಳನ್ನೇ ಕೇಳಿದೆವು. ಅವಳು ತೆಗೆಯುವುದು ಬೇಡ ಎಂದಳು. "ನಾನು ಹೇಗೂ ಅದೇ ಮತ ಹಾಕ್ತಿದ್ದೆ ಸರ್. ಆದ್ರೆ ಈಗ ಯಾರೂ ನಂಬಲ್ಲ" ಎಂದಳು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಒಂದು ಗಂಟೆ ಮೊದಲು ತನ್ನ ಕಡೆಯವರ ಮಾತನ್ನು ತಳ್ಳಿಹಾಕಿ ಮತಕ್ಕೆ ಹಾಕಿದ ಹುಡುಗಿ ಅವಳು. ಅಷ್ಟು ಕಷ್ಟಪಟ್ಟು ಸಂಪಾದಿಸಿದ ನಂಬಿಕೆ ನನ್ನ ಒಂದು ತಲೆಯಾಡಿಕೆಯಲ್ಲಿ ಹೋಯಿತು. ತರಗತಿಯಲ್ಲಿ ಎಲ್ಲರ ಮುಂದೆ ತಪ್ಪು ನನ್ನದೆಂದು ಒಪ್ಪಿಕೊಂಡೆ, ಕ್ಷಮೆ ಕೇಳಿದೆ. ಬೀಟೆಯವರು ಕೇಳಿಸಿಕೊಂಡರು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಮುಂದಿನ ಎರಡು ತರಗತಿಗಳನ್ನು ಪೂರ್ತಿ ಪೀಠದ ಬಗ್ಗೆಯೇ ಇಟ್ಟೆ. ದೂರ ಹೋಗಬೇಕಾಗಿರಲಿಲ್ಲ. 2010ರ ಅಕ್ಟೋಬರ್‌ನಲ್ಲಿ ನಮ್ಮದೇ ವಿರಾಜಪೇಟೆಯ ಶಾಸಕರಾಗಿದ್ದ ಕೆ.ಜಿ. ಬೋಪಯ್ಯ ಅವರು ಸಭಾಧ್ಯಕ್ಷರಾಗಿ, ವಿಶ್ವಾಸಮತದ ಹಿಂದಿನ ದಿನ 11 ಬಿಜೆಪಿ ಶಾಸಕರನ್ನೂ 5 ಪಕ್ಷೇತರರನ್ನೂ ಅನರ್ಹಗೊಳಿಸಿದರು. ಅಕ್ಟೋಬರ್ 11ರಂದು ಧ್ವನಿಮತದಲ್ಲಿ ಸರ್ಕಾರ ಗೆದ್ದಿತು. ವಿವಾದವಾಗಿ ಅಕ್ಟೋಬರ್ 14ರಂದು ಮತ್ತೆ ಮತವಾಯಿತು, 106ಕ್ಕೆ 100. ಆ 16 ಮಂದಿಯ ಅನರ್ಹತೆಯನ್ನು 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಇನ್ನೊಂದು ಕಡೆ, 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99ಕ್ಕೆ 105 ಮತಗಳಿಂದ ಬಿತ್ತು. ಆ ತಿಂಗಳ ಕೊನೆಯೊಳಗೆ ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ಆ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಅವರು ಉಪಚುನಾವಣೆಗೆ ನಿಲ್ಲುವುದಕ್ಕೆ ಮಾತ್ರ ಅವಕಾಶ ಕೊಟ್ಟಿತು. 224ರಲ್ಲಿ 17 ಕಳೆದರೆ 207. ಬಹುಮತ 113ರಿಂದ 104ಕ್ಕೆ ಇಳಿಯಿತು.

ಎರಡು ಬೇರೆ ಪಕ್ಷದ ಸಭಾಧ್ಯಕ್ಷರು, ಎರಡು ಬೇರೆ ತೀರ್ಪು. ಯಾರು ಸರಿ ಎಂದು ಹೇಳುವ ಕೆಲಸ ನಾನು ಮಾಡಲಿಲ್ಲ. ಪೀಠದಲ್ಲಿರುವ ಒಬ್ಬರ ಕೈಯಲ್ಲಿ ಗೋಡೆಯ ಮೇಲಿನ ಒಟ್ಟು ಸಂಖ್ಯೆಯೇ ಬದಲಾಗಬಹುದು ಎಂಬುದನ್ನು ಮಾತ್ರ ಮಕ್ಕಳೇ ಕಂಡುಕೊಂಡರು. ಬೀಟೆಯ ನಾಯಕ ಕೇಳಿದ: "ಹಾಗಾದ್ರೆ ಸರ್, ಬಲಾಬಲ ಅಂತ ಬರೆಯೋವಾಗ ಯಾವ ದಿನದ್ದು ಅಂತಲೂ ಬರೀಬೇಕಲ್ವಾ?" ಅಂದೇ ಹಾಳೆಯ ಬಲ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ದಿನಾಂಕ ಹಾಕಿದ.

ಇಪ್ಪತ್ನಾಲ್ಕು ಜನರ ಸದನ

ಮೊದಲ ಅಧಿವೇಶನದ ಆ 25 ಮೌನಿಗಳ ವಿಷಯ ಇನ್ನೂ ಹಾಗೇ ಉಳಿದಿತ್ತು. ಇದಕ್ಕೆ ದಾರಿ ಸಿಕ್ಕಿದ್ದು ಮಡಿಕೇರಿ ಕೋಟೆಯಲ್ಲಿ. ಅಲ್ಲಿನ ಹಳೆಯ ವಿಧಾನ ಸಭಾಂಗಣವನ್ನು ನಮ್ಮ ಮಕ್ಕಳಲ್ಲಿ ಹಲವರು ಕಂಡಿದ್ದರು, ಅದು ಯಾರ ವಿಧಾನಸಭೆ ಎಂದು ಗೊತ್ತಿದ್ದವರು ಇಬ್ಬರೋ ಮೂವರೋ. ಕೊಡಗು ಕೇಂದ್ರದ ಅಂಕೆಯಲ್ಲಿದ್ದ ಸಣ್ಣ ರಾಜ್ಯ, ಅಂದರೆ ಭಾಗ 'ಸಿ' ರಾಜ್ಯವಾಗಿದ್ದಾಗ 1952ರ ಚುನಾವಣೆಯಲ್ಲಿ ನಮಗೆ ನಮ್ಮದೇ ವಿಧಾನಸಭೆ ಬಂತು. 24 ಸ್ಥಾನ, ಕಾಂಗ್ರೆಸ್ 15, ಪಕ್ಷೇತರರು 9. ಮೈಸೂರಿನೊಂದಿಗೆ ಸೇರಬಾರದು ಎಂದವರ ಮುಂದಾಳು ಪಂದ್ಯಂಡ ಬೆಳ್ಯಪ್ಪ, ಅವರ ಗುಂಪನ್ನು ಜನ ತಕ್ಕಡಿ ಪಕ್ಷ ಎನ್ನುತ್ತಿದ್ದರು. ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ, ಅವರ ಜೊತೆ ಕುಟ್ಟೂರು ಮಲ್ಲಪ್ಪ. ಸಂಪುಟ ಅಷ್ಟೇ, ಇಬ್ಬರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದಾಗ ಆ ಸಭೆ ಮುಗಿಯಿತು.

15ರಲ್ಲಿ ಒಬ್ಬ ಸಭಾಧ್ಯಕ್ಷ, ಇಬ್ಬರು ಸಚಿವರು. ಉಳಿದ 12 ಆಡಳಿತ ಪಕ್ಷದವರಿಗೆ ಸಚಿವರಾಗುವ ಆಸೆಯೂ ಇಲ್ಲ, ಅವಸರವೂ ಇಲ್ಲ. ಇನ್ನೂ ಮುಖ್ಯವಾದದ್ದು, ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಬಂದದ್ದು 1985ರಲ್ಲಿ. ಅದಕ್ಕೆ ಮೊದಲು ಸದಸ್ಯನೊಬ್ಬ ತನ್ನ ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಆದೇಶ, ಮೀರಿ ಮತ ಹಾಕಿದರೆ ಪಕ್ಷದಿಂದ ಹೊರಹಾಕಿಸಿಕೊಳ್ಳಬಹುದಿತ್ತು, ಸ್ಥಾನ ಮಾತ್ರ ಹೋಗುತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ ನಮ್ಮ ಮೂರನೇ ಅಧಿವೇಶನ 1955ರ ಹೆಸರಿನಲ್ಲಿ ಸೇರಿತು. 24 ಮಕ್ಕಳು ಸದನದಲ್ಲಿ, ಉಳಿದ 32 ಮಂದಿ ಪತ್ರಕರ್ತರು, ಕಾರ್ಯದರ್ಶಿಗಳು, ಗ್ಯಾಲರಿಯ ಸಾರ್ವಜನಿಕರು. ನಿರ್ಣಯ ನಾವೇ ಕಲ್ಪಿಸಿಕೊಂಡದ್ದು: ಕೊಡಗು ಪ್ರತ್ಯೇಕ ರಾಜ್ಯವಾಗಿಯೇ ಉಳಿಯಬೇಕು.

ಈ ಸಲ ನಾನು ಒಳಗೇ ಹೋಗಲಿಲ್ಲ. ಕಿಟಕಿಯ ಹೊರಗೆ, ಪೀಠದಲ್ಲಿರುವವರಿಗೆ ಕಾಣದ ಕಡೆ ನಿಂತೆ.

ಮೊದಲ ಅಧಿವೇಶನದಲ್ಲಿ ಅಕೌಂಟೆನ್ಸಿ ಲೆಕ್ಕ ಮಾಡುತ್ತಿದ್ದ ಮೂವರಲ್ಲಿ ಒಬ್ಬಳು, ಅರೆಭಾಷೆ ಮಾತಾಡುವ ಮನೆಯವಳು, ಆಡಳಿತ ಪಕ್ಷದ ಬೆಂಚಿನಿಂದ ಹನ್ನೊಂದು ನಿಮಿಷ ಮಾತಾಡಿದಳು. ಸಣ್ಣ ರಾಜ್ಯವಾದರೆ ಆಸ್ಪತ್ರೆಗೆ, ರಸ್ತೆಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಅದಕ್ಕೆ ಉತ್ತರವಾಗಿ ಎದುರು ಬೆಂಚಿನವನೊಬ್ಬ, 24 ಮಂದಿಯ ಸದನದಲ್ಲಿ ಗಡಿಯ ಕುಟ್ಟ ಊರಿನ ಮಾತಿಗೂ ಜಾಗವಿದೆ, 200 ಮಂದಿಯ ಸದನದಲ್ಲಿ ನಮ್ಮವರು ಎಷ್ಟು ಜನ ಇರುತ್ತಾರೆ ಎಂದ. ಗ್ಯಾಲರಿಯಿಂದ ಯಾರೋ "ಇಬ್ಬರು" ಎಂದರು. ಸಭಾಧ್ಯಕ್ಷ ಗ್ಯಾಲರಿಗೆ ಎಚ್ಚರಿಕೆ ಕೊಟ್ಟ.

ಮತಕ್ಕೆ ಬಂದಾಗ ಆಡಳಿತ ಪಕ್ಷದ ಇಬ್ಬರು ಆಚೆ ಹೋದರು. ನಿರ್ಣಯದ ಪರ 11, ವಿರುದ್ಧ 12. ಬಿದ್ದಿತು. ಆಚೆ ಹೋದವರಲ್ಲಿ ಒಬ್ಬನಿಗೆ ಮನೆಯಲ್ಲಿ ಅಜ್ಜಿ ಹೇಳಿದ ಮಾತೇ ಕಾರಣವಂತೆ. ಇನ್ನೊಬ್ಬ, ಮಾತು ಕೇಳಿ ಮನಸ್ಸು ಬದಲಾಯಿತು ಎಂದ. ಒಂದು ಭಾಷಣದಿಂದ ಒಂದು ಮತ ಬದಲಾದದ್ದು ಇಡೀ ವರ್ಷದಲ್ಲಿ ಅದೊಂದೇ.

ಇದರಿಂದ ಬೇರೆಯವರಿಗೆ ಏನು ಸಿಕ್ಕೀತು

ಅಣಕು ವಿಧಾನಸಭೆ ಮಾಡಿಸುವವರು ಸಾಮಾನ್ಯವಾಗಿ ಇಂದಿನ ಸದನವನ್ನೇ ಕಿರಿದು ಮಾಡಿ ಕೂರಿಸುತ್ತಾರೆ. ಒಂದು ಕಡೆ ದೊಡ್ಡ ಬಹುಮತ ಇರುವಾಗ ಹಾಗೆ ಮಾಡಿದರೆ ಅರ್ಧ ತರಗತಿ ಸುಮ್ಮನೆ ಕೂರುತ್ತದೆ. 2018ರ ಅಂಕಿ ಇದಕ್ಕಿಂತ ಎಷ್ಟೋ ಪಾಲು ಮೇಲು. 56 ಮಕ್ಕಳಿಲ್ಲದಿದ್ದರೆ 28ಕ್ಕೆ ಇಳಿಸಿ, 13, 10, 5 ಆಗುತ್ತದೆ, ಇತರರು ಇರುವುದಿಲ್ಲ. ಪಕ್ಷೇತರನೊಬ್ಬ ಇಲ್ಲದೆ ಈ ಆಟ ಕಳೆಗುಂದುತ್ತದೆ, ಆದ್ದರಿಂದ 13ನ್ನು 12 ಮಾಡಿ ಒಬ್ಬನನ್ನು ಪಕ್ಷೇತರನಾಗಿ ಕೂರಿಸಿ.

ನಿಜವಾದ ಪಕ್ಷಗಳ ಹೆಸರು ಬೇಡ. ನಿಜವಾದ ಅಂಕಿ ಬೇಕೇಬೇಕು. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಸಾಧ್ಯ ಎಂದು ಮೊದಲೇ ಹೊಳೆದಿದ್ದರೆ ಆ ತಂದೆ ಕಾಲೇಜಿಗೆ ಬರಬೇಕಾಗಿರಲಿಲ್ಲ.

ಕಲಾಪ ಬರೆಯುವ ಮಕ್ಕಳಿಗೆ ಕಂಡದ್ದನ್ನೆಲ್ಲ ಬರೆಯಲು ಹೇಳಿ. ನಿಮ್ಮ ಬಗ್ಗೆ ಬರೆದರೂ ಅಳಿಸಬೇಡಿ.

ಪೀಠದಲ್ಲಿ ವಿದ್ಯಾರ್ಥಿ ಕೂತ ಮೇಲೆ ಉಪನ್ಯಾಸಕರು ಅವರಿಗೆ ಕಾಣುವ ಜಾಗದಲ್ಲಿ ಇರಲೇಬಾರದು. ಇದನ್ನು ನಾನು ಅತ್ಯಂತ ಒತ್ತಿ ಹೇಳುತ್ತೇನೆ. ಮಕ್ಕಳಿಗೆ ಬೆಂಬಲ ಕೊಡಬೇಕು ಎಂದು ನಮಗೆ ಅಭ್ಯಾಸವಾಗಿಹೋಗಿದೆ, ತರಗತಿಯಲ್ಲಿ ಅದು ಒಳ್ಳೆಯದೇ. ಆದರೆ ಪೀಠದಲ್ಲಿರುವವರಿಗೆ ಹೊರಗಿನಿಂದ ಬರುವ ಯಾವ ಬೆಂಬಲವೂ ಅವರ ತೀರ್ಮಾನವನ್ನು ಅವರದ್ದಲ್ಲದಂತೆ ಮಾಡುತ್ತದೆ. ಮೂರನೇ ಅಧಿವೇಶನಕ್ಕೆ ಆ ಹುಡುಗಿಯನ್ನೇ ಮತ್ತೆ ಸಭಾಧ್ಯಕ್ಷೆ ಮಾಡೋಣ ಎಂದು ಮಕ್ಕಳು ಕೇಳಿದ್ದರು. ಅವಳು ಒಪ್ಪಲಿಲ್ಲ. ಒಂಬತ್ತು ಜನರ ವಿರೋಧ ಪಕ್ಷದಲ್ಲಿ ಕೂತಳು, ಚೆನ್ನಾಗಿಯೇ ಮಾತಾಡಿದಳು. ಆದರೆ ಪೀಠಕ್ಕೆ ಅವಳಿಗಿಂತ ತಕ್ಕವರು ಆ ತರಗತಿಯಲ್ಲಿ ಇರಲಿಲ್ಲ, ಅವಳು ಹಿಂದೆ ಸರಿಯಲು ಕಾರಣ ನಾನು.

ನವೆಂಬರ್ 17ರಂದು ಬಿಜೆಪಿ ಶಾಸಕಾಂಗ ಪಕ್ಷ ಆರ್. ಅಶೋಕ ಅವರನ್ನು ನಾಯಕರನ್ನಾಗಿ ಆಯ್ಕೆ ಮಾಡಿತು. ಮರುದಿನ ಬೆಳಿಗ್ಗೆ ಮೊದಲ ಗಂಟೆಗೆ ಮುಂಚೆ ನಾನು ತರಗತಿಯ ಬಾಗಿಲಿಗೆ ಬಂದಾಗ ಅವಳು ಬೆಂಚಿನ ಮೇಲೆ ಹತ್ತಿ ನಿಂತು ಖಾಲಿ ಚೌಕದಲ್ಲಿ ಆ ಹೆಸರು ಬರೆಯುತ್ತಿದ್ದಳು. ಕೆಳಗೆ ನಿಂತು ಬೆಂಚು ಅಲುಗದಂತೆ ಹಿಡಿದುಕೊಂಡಿದ್ದವನು ಬೀಟೆಯ ನಾಯಕ. ಹೆಸರು ಬರೆದಾದ ಮೇಲೆ ಅವನು ಜೇಬಿನಿಂದ ಕೆಂಪು ಪೆನ್ನು ತೆಗೆದು ಮೇಲಕ್ಕೆ ಕೊಟ್ಟ. ಅವಳು ಪಕ್ಕದಲ್ಲಿ ಸಣ್ಣದಾಗಿ ದಿನಾಂಕ ಹಾಕಿದಳು.